ಮರದ ಸ್ಟಾಕಿನ ರೈಫಲ್ ಗುರಿ ಕೆಟ್ಟಾಗ: ಬಿಸಿಲುಸೀಮೆಯವರಿಗೆ ಅಧ್ಯಯನ ಟಿಪ್ಪಣಿ

ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲಿನಲ್ಲಿ ಝೀರೊ ಮಾಡಿಟ್ಟ (ಗುಂಡು ಗುರಿಗೇ ಬೀಳುವಂತೆ ಸೈಟ್ ಹೊಂದಿಸಿಟ್ಟ) ರೈಫಲ್ ಆಗಸ್ಟ್‌ನಲ್ಲಿ ನಾಲ್ಕು ಬೆರಳು ಪಕ್ಕಕ್ಕೆ ಹೊಡೆದರೆ ಮೊದಲ ಅನುಮಾನ ಸೈಟಿನ ಮೇಲೆ, ಎರಡನೆಯದು ತೋಟಾದ ಮೇಲೆ. ನಮ್ಮ ಸೀಮೆಯಲ್ಲಿ ಮೊದಲು ನೋಡಬೇಕಾದದ್ದು ಮರವನ್ನು, ಅಂದರೆ ಬ್ಯಾರಲ್ ಕೂರುವ ಸ್ಟಾಕನ್ನು. ಸೈಟ್ ತಿರುಗಿಸಿಬಿಟ್ಟರೆ ಮೂಲ ದೋಷ ಹಾಗೇ ಉಳಿದು, ದೀಪಾವಳಿ ಹೊತ್ತಿಗೆ ಗುರಿ ಇನ್ನೊಂದು ಕಡೆಗೆ ಸರಿದಿರುತ್ತದೆ.

ಮರ ಉದ್ದಕ್ಕೆ ಬಹುತೇಕ ಅಲುಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಮಳೆಗಾಲದಲ್ಲಿ ಮನೆಯ ಬಾಗಿಲು ಚೌಕಟ್ಟಿಗೆ ಹಿಡಿದುಕೊಳ್ಳುವುದು ಇದರಿಂದಲೇ. 30 ಮಿ.ಮೀ. ದಪ್ಪದ ಅಕ್ರೋಟ್ ಮರದ ತೇವಾಂಶ ಶೇ 4ರಷ್ಟು ಏರಿದರೆ ಅದು ಸುಮಾರು 0.3 ಮಿ.ಮೀ. ಹಿಗ್ಗಬಹುದು. ಒಂದು ಲಗ್ನಪತ್ರಿಕೆಯ ರಟ್ಟಿನಷ್ಟು ಅಂತರ. ಬ್ಯಾರಲ್ಲಿಗೂ ಮರಕ್ಕೂ ನಡುವೆ ಅಷ್ಟು ಬದಲಾದರೆ ಸಾಕು, ಗುಂಡು ಬೀಳುವ ಜಾಗ ಬೇರೆಯಾಗುತ್ತದೆ. ಶಹಾಪುರ, ಸುರಪುರದ ಕಾಲುವೆ ನೀರಿನ ಭತ್ತದ ಊರುಗಳಲ್ಲಿ ಇಟ್ಟ ರೈಫಲ್ಲಿಗೂ ಕಲಬುರಗಿಯ ಒಣ ಕೋಣೆಯಲ್ಲಿ ಇಟ್ಟದ್ದಕ್ಕೂ ಈ ವಿಷಯದಲ್ಲಿ ವ್ಯತ್ಯಾಸ ಕಾಣುವುದು ಸಹಜ.

ಶಿಕಾರಿಗೆಂದು ರೂಪುಗೊಂಡ ರೈಫಲ್ ಆದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಇಲ್ಲಿ ಶಿಕಾರಿಗೆ ಅವಕಾಶವಿಲ್ಲ. ಪರೀಕ್ಷೆಯ ಗುಂಡು ಹಾರಿಸುವುದು ಅನುಮತಿ ಇರುವ ರೇಂಜಿನಲ್ಲಿ ಮಾತ್ರ. ಲೈಸೆನ್ಸಿನಲ್ಲಿ ತೋಟಾಗಳಿಗೆ ಮಿತಿ ಇರುವುದರಿಂದ ಗುಂಡು ಖರ್ಚಾಗದ ತಪಾಸಣೆಗಳನ್ನೆಲ್ಲ ಮೊದಲು ಮುಗಿಸಿಕೊಳ್ಳಿ.

ಸ್ಕ್ರೂ ಬಿಗಿ, ಮರ ಸಡಿಲ

ಮ್ಯಾಗಝಿನ್ ತೆಗೆದು, ಬೋಲ್ಟ್ ತೆರೆದು, ಚೇಂಬರ್ ಖಾಲಿ ಇರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಂಡ ಮೇಲೆಯೇ ಕೆಲಸ ಶುರು.

ನಮ್ಮಲ್ಲಿ ಹೆಚ್ಚು ಕಾಣುವ .315 ಬೋರಿನ ಸ್ಪೋರ್ಟಿಂಗ್ ರೈಫಲ್ ಲೀ-ಎನ್‌ಫೀಲ್ಡ್ ಆ್ಯಕ್ಷನ್ನಿನದು (ಆ್ಯಕ್ಷನ್ ಎಂದರೆ ಬ್ಯಾರಲ್ ಹಿಂದೆ ಬೋಲ್ಟ್ ಓಡುವ ಲೋಹದ ಭಾಗ). ಸ್ಟಾಕ್ ಎರಡು ತುಂಡು: ಹಿಂದೆ ಹೆಗಲಿಗೆ ಬರುವ ಬಟ್, ಮುಂದೆ ಬ್ಯಾರಲ್ ಕೂರುವ ಫೋರ್‌ಎಂಡ್. ಟ್ರಿಗರ್ ಗಾರ್ಡಿನ ಮುಂದಿನ ಸ್ಕ್ರೂ ಹಾಯುವ ತೂತಿನಲ್ಲಿ ಲೋಹದ ಚಿಕ್ಕ ಕಾಲರ್ ಇರುತ್ತದೆ. ಸ್ಕ್ರೂ ಬಿಗಿಸುವಾಗ ಮರ ಜಜ್ಜಿಹೋಗದಿರಲಿ ಎಂದು ಇಟ್ಟದ್ದು ಅದು. ಬೇಸಿಗೆಯಲ್ಲಿ ಮರ ಕುಗ್ಗಿತು ಅನ್ನಿ, ಕಾಲರ್ ಮರಕ್ಕಿಂತ ಎತ್ತರವಾಗಿ ನಿಲ್ಲುತ್ತದೆ. ಆಗ ಸ್ಕ್ರೂವಿನ ಒತ್ತಡವೆಲ್ಲ ಲೋಹದ ಮೇಲೆ ಬೀಳುತ್ತದೆ, ಮರ ಒಳಗೆ ಸಡಿಲವಾಗಿ ಕೂತಿರುತ್ತದೆ. ಕೈಗೆ ಸ್ಕ್ರೂ ಕಲ್ಲಿನಂತೆ ಬಿಗಿ ಅನ್ನಿಸುತ್ತದೆ, ಇನ್ನಷ್ಟು ತಿರುಗಿಸಿದರೆ ಸ್ಕ್ರೂವಿನ ಥ್ರೆಡ್ ಹಾಳಾಗುತ್ತದೆಯೇ ಹೊರತು ಮರ ಬಿಗಿಯಾಗುವುದಿಲ್ಲ. ಪತ್ತೆ ಸುಲಭ. ಎಡಗೈಯಲ್ಲಿ ಆ್ಯಕ್ಷನ್ ಹಿಡಿದು, ಬಲಗೈಯಲ್ಲಿ ಫೋರ್‌ಎಂಡನ್ನು ಹಿಂದೆ-ಮುಂದೆ, ಎಡ-ಬಲ ಮೆಲ್ಲಗೆ ಅಲುಗಿಸಿ. ಕೂದಲೆಳೆಯಷ್ಟು ಅಲುಗಿದರೂ ದೋಷ ಅಲ್ಲೇ. ಅಳತೆ ನೋಡಿ ಕಾಲರನ್ನು ಅರದಿಂದ ಸ್ವಲ್ಪ ಸ್ವಲ್ಪವೇ ಗಿಡ್ಡ ಮಾಡುವುದು ಪರಿಹಾರ. ಇದು ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಕೆಲಸ.

ಬಟ್ ಅಲುಗುತ್ತಿದ್ದರೆ ಒಂದು ಎಚ್ಚರಿಕೆ. ಹಳೆಯ ಲೀ-ಎನ್‌ಫೀಲ್ಡ್‌ಗಳಲ್ಲಿ ಬಟ್ಟನ್ನು ಹಿಡಿದಿಡುವ ಬೋಲ್ಟಿನ ಚೌಕ ತುದಿ ಫೋರ್‌ಎಂಡಿನ ಒಳಗೆ ಸಿಕ್ಕಿಕೊಂಡಿರುತ್ತದೆ. ಫೋರ್‌ಎಂಡ್ ಬಿಚ್ಚದೆ ಈ ಬೋಲ್ಟ್ ತಿರುಗಿಸಿದರೆ ಫೋರ್‌ಎಂಡ್ ಹಿಂಬದಿಯಲ್ಲಿ ಸೀಳುತ್ತದೆ. ಒಳ್ಳೆಯ ಸ್ಟಾಕುಗಳು ಹೀಗೆ ಹಾಳಾಗುವುದು ನಿಜಕ್ಕೂ ಬೇಸರದ ಸಂಗತಿ.

ಒಂದೇ ತುಂಡಿನ ಸ್ಟಾಕಾದರೆ ಲೆಕ್ಕ ಸರಳ. ಸ್ಕ್ರೂ ನೇರ ಮರದ ಮೇಲೆ ಕೂರುತ್ತಿದ್ದರೆ ಬಿಗಿಸುವ ಬಲ (ಟಾರ್ಕ್) 4ರಿಂದ 5 ನ್ಯೂಟನ್ ಮೀಟರ್, ಸ್ಕ್ರೂ ತೂತಿನ ಒಳಗೆ ಅಲ್ಯೂಮಿನಿಯಂ ಪಿಲ್ಲರ್ (ಕೊಳವೆ) ಇದ್ದರೆ 7ರ ಹತ್ತಿರ. ಸ್ಕೋಪ್ ರಿಂಗಿನ ಸ್ಕ್ರೂಗಳಿಗೆ 2 ಸಾಕು.

ಬ್ಯಾರಲ್ ಮರಕ್ಕೆ ಎಲ್ಲಿ ತಾಗುತ್ತಿದೆ?

ಫ್ರೀ ಫ್ಲೋಟ್, ಅಂದರೆ ಮರಕ್ಕೆ ತಾಗದಂತೆ ಕೂರಿಸಿದ ಬ್ಯಾರಲ್ ಆದರೆ ಲಗ್ನಪತ್ರಿಕೆಯ ಒಂದು ಪಟ್ಟಿ ಕತ್ತರಿಸಿ, ಬ್ಯಾರಲ್ಲಿಗೂ ಮರಕ್ಕೂ ನಡುವೆ ತೂರಿಸಿ ಮೂತಿಯಿಂದ ಹಿಂದಕ್ಕೆ ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಪೆನ್ಸಿಲ್ ಗುರುತು. ಈ ಪರೀಕ್ಷೆ ವರ್ಷಕ್ಕೆ ಎರಡು ಸಲ ಬೇಕು, ಮೇ ಕೊನೆಗೊಮ್ಮೆ, ಆಗಸ್ಟ್‌ನಲ್ಲೊಮ್ಮೆ. ಮೇನಲ್ಲಿ ಸಲೀಸಾಗಿ ಹರಿದು ಆಗಸ್ಟ್‌ನಲ್ಲಿ ಸಿಕ್ಕಿಕೊಂಡರೆ ಉತ್ತರ ಸಿಕ್ಕಂತೆ. ಸುತ್ತ 1ರಿಂದ 1.5 ಮಿ.ಮೀ. ಅಂತರ ಇರಲಿ. ಲೀ-ಎನ್‌ಫೀಲ್ಡಿಗೆ ಈ ನಿಯಮ ಹಾಗೇ ಹೊಂದುವುದಿಲ್ಲ. ಅದರ ತೆಳು ಬ್ಯಾರಲ್ಲಿಗೆ ಮರದ ಆಸರೆ ಬೇಕೆಂದೇ ವಿನ್ಯಾಸವಿದೆ, ಯೋಚಿಸದೆ ಮರ ಕೆತ್ತಬೇಡಿ.

ಬ್ಯಾರಲ್ ಮೂತಿಯ ಅಂಚಿನ ಸುತ್ತ ಹತ್ತಿಯ ಎಳೆ ಸವರಿ. ಹತ್ತಿ ಸಿಕ್ಕಿದರೆ ಅಂಚಿಗೆ ಪೆಟ್ಟಾಗಿದೆ ಎಂದರ್ಥ. ಕ್ಲೀನಿಂಗ್ ರಾಡನ್ನು ಮೂತಿಯಿಂದ ತೂರಿಸುವ ಅಭ್ಯಾಸದಿಂದಲೂ ಆ ಅಂಚು ಸವೆಯುತ್ತದೆ. ಬೋಲ್ಟ್ ತೆಗೆದು ಹಿಂದಿನಿಂದಲೇ ತೊಳೆಯಿರಿ.

ಈಗ ಗುಂಡು

50 ಮೀಟರ್, ಒಂದೇ ಲಾಟಿನ ತೋಟಾ, ಮರಳುಚೀಲ ಫೋರ್‌ಎಂಡಿನ ಕೆಳಗೆ. ಬ್ಯಾರಲ್ ಚೀಲಕ್ಕೆ ತಾಗಕೂಡದು. ಐದೈದರಂತೆ ಮೂರು ಗುಂಪು, ನಡುವೆ ಬ್ಯಾರಲ್ ಕೈಗೆ ತಣ್ಣಗಾಗುವವರೆಗೆ ಬಿಡುವು. 50 ಮೀಟರ್‌ಗೆ ಒಂದು ಎಂಒಎ (ಡಿಗ್ರಿಯ ಅರವತ್ತನೇ ಒಂದು ಭಾಗದ ಕೋನ) ಎಂದರೆ 14.5 ಮಿ.ಮೀ. ಕಬ್ಬಿಣದ ಸೈಟಿನ ಇಂಥ ರೈಫಲ್ 60 ಮಿ.ಮೀ. ಒಳಗೆ ಐದನ್ನೂ ಇಟ್ಟರೆ ಅದನ್ನು ಕೆದಕಲು ಹೋಗಬೇಡಿ.

ಕಾಗದದ ಮೇಲೆ ಗುಂಡುಗಳು ಎರಡು ಕಡೆ ಗುಂಪಾಗಿ, ಎರಡೂ ಗುಂಪು ಚಿಕ್ಕದಾಗಿದ್ದರೆ ಆ್ಯಕ್ಷನ್ ಮರದಲ್ಲಿ ಎರಡು ಭಂಗಿಯಲ್ಲಿ ಕೂರುತ್ತಿದೆ ಅಥವಾ ಸೈಟ್ ಸಡಿಲ. ಬ್ಯಾರಲ್ ಬಿಸಿಯಾದಂತೆ ಗುಂಡುಗಳು ಒಂದೇ ದಿಕ್ಕಿಗೆ ನಡೆದುಕೊಂಡು ಹೋದರೆ ಅದು ಮರಕ್ಕೆ ಒತ್ತಿಕೊಳ್ಳುತ್ತಿದೆ. ಮೊದಲ ಗುಂಡು ಮಾತ್ರ ದೂರ ಬಿದ್ದರೆ ಬ್ಯಾರಲ್ ಒಳಗಿನ ಎಣ್ಣೆ ಒರೆಸಿರಲಿಲ್ಲ. ಸಾಲು ಮೇಲೆ-ಕೆಳಗೆ ಉದ್ದವಾದರೆ ಉಸಿರು, ಫೋರ್‌ಎಂಡಿನ ಒತ್ತಡ, ತೋಟಾದ ವೇಗದ ಏರಿಳಿತ, ಮೂರನ್ನೂ ನೋಡಿ. ಅಡ್ಡಕ್ಕಾದರೆ ಗಾಳಿ ಅಥವಾ ಟ್ರಿಗರ್ ಬೆರಳು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಸ್ಕ್ರೂ ಬಿಗಿಸಿ ತೋಟಾವನ್ನೂ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು.

ಮರಕ್ಕೆ ರಕ್ಷೆ

ಹೊರಮೈಗೆ ಹೊಳಪು ಕೊಟ್ಟು ಒಳಮೈ ಮರೆಯುವುದು ಎಲ್ಲರೂ ಮಾಡುವ ತಪ್ಪು. ಬ್ಯಾರಲ್ ಕೂರುವ ಕಾಲುವೆ, ಮ್ಯಾಗಝಿನ್ ತೂತು, ಬಟ್ ಪ್ಲೇಟಿನ ಅಡಿ, ಇವುಗಳಲ್ಲಿ ಮರ ಬರಿಯದಾಗಿರುತ್ತದೆ. ಅದರಲ್ಲೂ ಬಟ್ ಪ್ಲೇಟಿನ ಅಡಿಯ ಕೊಯ್ದ ತುದಿ ಸ್ಪಂಜಿನಂತೆ ತೇವ ಹೀರುತ್ತದೆ. ಒಳಮೈಗೆ ಪಾಲಿಯುರೆಥೇನ್ ವಾರ್ನಿಶ್ ತೆಳುವಾಗಿ ಎರಡು ಕೈ ಹೊಡೆಯಿರಿ. ಮರ ಒಣಗಿರುವ ಏಪ್ರಿಲ್ ಇದಕ್ಕೆ ಸರಿ. ಎಪಾಕ್ಸಿ ಬೆಡ್ಡಿಂಗ್ (ಆ್ಯಕ್ಷನ್ ಅಲುಗದೆ ಕೂರುವಂತೆ ಅದರ ಅಡಿಗೆ ಎಪಾಕ್ಸಿ ಅಂಟು ತುಂಬುವುದು) ಮಾಡಿಸುವುದಾದರೆ ನಸುಕಿನಲ್ಲೇ ಮಾಡಿಸಿ, 42 ಡಿಗ್ರಿ ಬಿಸಿಲಿನಲ್ಲಿ ಕಲೆಸಿದ್ದು ಹರಡುವ ಮೊದಲೇ ಗಟ್ಟಿಯಾಗತೊಡಗುತ್ತದೆ.

ಅಗಸಿ ಎಣ್ಣೆ ಮರಕ್ಕೆ ಚೆಂದ, ಆದರೆ ಗಾಳಿಯ ತೇವವನ್ನು ಅದು ಪೂರ್ತಿ ತಡೆಯುವುದಿಲ್ಲ. ಬಂದೂಕಿಗೆ ಹಾಕುವ ಎಣ್ಣೆಯಂತೂ ಮರದ ಶತ್ರು. ಮೂತಿ ಮೇಲಾಗಿ ನಿಲ್ಲಿಸಿದ ರೈಫಲ್ಲಿನಲ್ಲಿ ಅದು ಇಳಿದು ಆ್ಯಕ್ಷನ್ ಹಿಂದಿನ ಮರವನ್ನು ಮೆತ್ತಗಾಗಿಸುತ್ತದೆ, ಅಲ್ಲಿ ಉಗುರು ಒತ್ತಿದರೆ ಗುರುತು ಮೂಡುತ್ತದೆ. ಎಣ್ಣೆ ಹಾಕಿದ ರಾತ್ರಿ ಮೂತಿ ಕೆಳಗಾಗಿ ಇಡಿ. ಅಗಸಿ ಎಣ್ಣೆ ಸವರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹೊರಗೆ ಒಂದೊಂದಾಗಿ ಹರವಿ ಒಣಗಿಸಿ, ಆಮೇಲೆ ಬಿಸಾಡಿ.