ಬೆರಳೆಣಿಕೆಗಿಂತ ಮೊದಲು ಕಾಲಿಗೆ ಬರಲಿ ತಾಳ

ಕರ್ನಾಟಕ ಸಂಗೀತದ ಪಾಠಕ್ಕೆ ಸೇರಿಸಿದ ವಾರದಲ್ಲೇ ಅಪ್ಪ ಅಮ್ಮಂದಿರು ಕೇಳುತ್ತಾರೆ, ‘ತಾಳ ಹಾಕೋದು ಯಾವಾಗ ಹೇಳಿಕೊಡ್ತೀರಿ ಮೇಡಂ?’ ಐದಾರು ವರ್ಷದ ಮಕ್ಕಳಿಗೆ ನಾನು ಮೊದಲ ಕೆಲವು ತಿಂಗಳು ತೊಡೆ ಮೇಲೆ ತಾಳ ಹಾಕಿಸುವುದೇ ಇಲ್ಲ.

ಆದಿತಾಳವನ್ನೇ ನೋಡಿ. ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ಎರಡು ಸಲ ಪೆಟ್ಟು-ಹುಸಿ (ಹುಸಿ ಅಂದರೆ ಅಂಗೈ ಮೇಲೆ ಮಾಡಿ ತೋರಿಸುವುದು). ಒಟ್ಟು 8 ಅಕ್ಷರ, ಅಂದರೆ 8 ಎಣಿಕೆ. ನಮಗೆ ಸುಲಭ. ಆದರೆ ಪುಟ್ಟ ಮಗುವಿನ ಉಂಗುರದ ಬೆರಳು ಒಂಟಿಯಾಗಿ ಅಲ್ಲಾಡುವುದಿಲ್ಲ, ಪಕ್ಕದ್ದೂ ಜೊತೆಗೇ ಬರುತ್ತದೆ. ಮಗು ಇನ್ನೊಂದು ಕೈಯಿಂದ ಬೆರಳು ಹಿಡಿದು ಬಗ್ಗಿಸುತ್ತದೆ. ಅಷ್ಟರಲ್ಲಿ ಲಯ ಕೈಬಿಟ್ಟು ಹೋಗಿರುತ್ತದೆ.

ಹಾಗಾಗಿ ಮೊದಲು ಬಾಯಿ ಮತ್ತು ಕಾಲು. ತಕಿಟ ಅಂದರೆ ಮೂರು, ತಕಧಿಮಿ ಅಂದರೆ ನಾಲ್ಕು. ಇದನ್ನೇ ತರಕಾರಿ ಹೆಸರಲ್ಲಿ ಹೇಳಿಸುತ್ತೇನೆ. ‘ಅವರೆ’ ಮೂರು, ‘ಪಡವಲ’ ನಾಲ್ಕು. ಎಲ್ಲವೂ ಹ್ರಸ್ವ ಅಕ್ಷರ ಇರುವ ಪದವೇ ಬೇಕು. ‘ಬೆಂಡೆಕಾಯಿ’ ಅಂದರೆ ‘ಬೆಂ’, ‘ಕಾ’ ಎರಡೂ ಎಳೆದುಕೊಂಡು ಎಣಿಕೆ ಕೆಡುತ್ತದೆ. ಪದದ ಮೊದಲ ಅಕ್ಷರಕ್ಕೆ ಒಂದು ಹೆಜ್ಜೆ, ಅಷ್ಟೇ ನಿಯಮ. ‘ಅವರೆ ಪಡವಲ, ಅವರೆ ಪಡವಲ’ ಅಂತ ಕೋಣೆ ಸುತ್ತಿದರೆ ಮಿಶ್ರಛಾಪು ತಾಳದ 7 ಎಣಿಕೆ ಸಿಕ್ಕಿತು. ಒಂದು ಹೆಜ್ಜೆ ಬೇಗ, ಇನ್ನೊಂದು ಚೂರು ತಡ, ಕುಂಟುತ್ತಾ ನಡೆದ ಹಾಗೆ. ದೊಡ್ಡವರು ಕಷ್ಟ ಅನ್ನುವ ಈ ತಾಳವನ್ನು ಮಕ್ಕಳು ನಗುನಗುತ್ತಾ ನಡೆದುಬಿಡುತ್ತಾರೆ. ‘ಎಳೆ ಅವರೆ’ ಅಂದರೆ ಖಂಡಛಾಪು ತಾಳದ 5.

ಆಮೇಲೆ ಮೌನದ ಆಟ. ನಾನು ಕೈ ಎತ್ತಿದರೆ ಬಾಯಿ ಮುಚ್ಚಬೇಕು, ಹೆಜ್ಜೆ ನಿಲ್ಲಬಾರದು. ಕೈ ಇಳಿಸಿದಾಗ ಎಲ್ಲರ ಬಾಯಲ್ಲೂ ಒಂದೇ ಅಕ್ಷರ ಬರಬೇಕು. ಶುರುವಿನಲ್ಲಿ ಬಾಯಿ ನಿಂತ ಕೂಡಲೇ ಕಾಲೂ ನಿಲ್ಲುತ್ತದೆ, ಇಲ್ಲವೇ ಓಡುತ್ತದೆ. ಅದು ಓಡದೆ ನಿಲ್ಲದೆ ಸಾಗಿದ ದಿನ ನನಗೆ ಆಗುವ ಸಂತೋಷ ಇಷ್ಟಿಷ್ಟಲ್ಲ. ಲಯ ಒಳಗೆ ಇಳಿದಿದೆ ಅಂತ ಗೊತ್ತಾಗುವುದು ಆಗಲೇ. ಮನೆಯಲ್ಲೂ ಇದನ್ನು ಆಡಿಸಿ. ತಾಳದ ಆ್ಯಪ್‌ಗೆ ಇನ್ನೂ ಸಮಯವಿದೆ.

ಬೆರಳು ಹೇಳಿದ ಮಾತು ಕೇಳತೊಡಗಿದ ಮೇಲೆ ಕೈ ತಾಳ. ಸ್ವರಗಳ ಮೊದಲ ಪಾಠವಾದ ಸರಳೆ ವರಸೆ ಎರಡನೇ ಕಾಲಕ್ಕೆ, ಅಂದರೆ ದುಪ್ಪಟ್ಟು ವೇಗಕ್ಕೆ ಬಂದಾಗ ಹೆಚ್ಚಿನ ಮಕ್ಕಳು ಕೈಯನ್ನೂ ಜೋರು ಮಾಡುತ್ತಾರೆ. ಕೈ ಅದೇ ವೇಗದಲ್ಲಿರಬೇಕು, ಒಂದು ಎಣಿಕೆಗೆ ಎರಡು ಸ್ವರ ಬರಬೇಕು, ಅಲ್ವಾ? ಸುಮ್ನೆ ವಿವರಿಸಿದರೆ ತಲೆಗೆ ಹೋಗುವುದಿಲ್ಲ. ಮಗು ಹಾಡಲಿ, ಅದರ ಮಂಡಿ ಮೇಲೆ ನೀವು ಒಂದೇ ಸಮನೆ ಮೆಲ್ಲಗೆ ತಟ್ಟುತ್ತಿರಿ.

ಹೆಜ್ಜೆಯ ಪಾಠ ಜಾಸ್ತಿ ಉಪಯೋಗಕ್ಕೆ ಬರುವುದು ಅಲಂಕಾರದಲ್ಲಿ, ಅಂದರೆ ಬೇರೆ ಬೇರೆ ತಾಳಗಳಲ್ಲಿ ಸ್ವರ ಹಾಡುವ ಪಾಠದಲ್ಲಿ. ಅಲ್ಲಿಯವರೆಗೆ ಕೈಯಲ್ಲಿ ಆದಿತಾಳವೊಂದನ್ನೇ ಹಾಕುತ್ತಿದ್ದ ಮಗುವಿಗೆ ಮೊದಲು ಎದುರಾಗುವುದೇ 14 ಅಕ್ಷರದ ಧ್ರುವತಾಳ. ಎಣಿಸಲು ಹೋದರೆ ದಾರಿ ತಪ್ಪುತ್ತದೆ. ‘ಪಡವಲ, ಎಳೆ, ಪಡವಲ, ಪಡವಲ’ ಅನ್ನಿಸಿ. ಪ್ರತಿ ಪದದ ಮೊದಲ ಅಕ್ಷರಕ್ಕೆ ಒಂದು ಪೆಟ್ಟು ಬೀಳಲಿ. ಬೆರಳು, ಹುಸಿ ಎಲ್ಲವನ್ನೂ ನಡುವೆ ಆಮೇಲೆ ತುಂಬಿಸಬಹುದು.