ರಾಣಿ ಈಡ್‌ಗಿತ್‌ಳ ಹಲ್ಲು

ರಾಜ ಸತ್ತರೆ ಹಿರಿಮಗನಿಗೆ ಪಟ್ಟ. ರಾಜರ ಕಥೆ ಅಂದ ಕೂಡಲೇ ನಾವು ಹಿಡಿಯುವ ಲೆಕ್ಕ ಇದು. ಸಾವಿರ ವರ್ಷದ ಹಿಂದಿನ ಇಂಗ್ಲೆಂಡಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಆಂಗ್ಲೋ-ಸ್ಯಾಕ್ಸನ್ ರಾಜ ಎಥೆಲ್‌ವುಲ್ಫ್‌ನ ನಾಲ್ವರು ಗಂಡುಮಕ್ಕಳು ಒಬ್ಬರಾದ ಮೇಲೊಬ್ಬರು ಆಳಿದರು. ಕೊನೆಯವನು ಆಲ್‌ಫ್ರೆಡ್. 871ರಲ್ಲಿ ಅವನ ಅಣ್ಣ ತೀರಿಕೊಂಡಾಗ ಅಣ್ಣನ ಮಕ್ಕಳು ಇನ್ನೂ ಚಿಕ್ಕವರು, ಕಡಲಾಚೆಯಿಂದ ಬಂದ ದಾಳಿಕೋರ ಡೇನರು ನಾಡಿನೊಳಗೇ ನುಗ್ಗಿದ್ದರು. ಕತ್ತಿ ಹಿಡಿಯಬಲ್ಲವನು ಬೇಕಿತ್ತು, ತಮ್ಮ ರಾಜನಾದ. ಹಾಗಂತ ಹಿರಿಯರು ಕೂತು ಓಟು ಹಾಕಿದರು ಅಂದುಕೊಳ್ಳುವುದೂ ತಪ್ಪು. ರಾಜರಕ್ತ, ವಯಸ್ಸು, ಬೆಂಬಲ, ತಾಯಿಯ ಸ್ಥಾನ ಎಲ್ಲ ಸೇರಿ ಪಟ್ಟ ತೀರ್ಮಾನವಾಗುತ್ತಿತ್ತು.

ತಾಯಿಯ ಸ್ಥಾನ ಅಂದೆನಲ್ಲ, ಅದರ ಗುರುತು ಒಂದು ಹಲ್ಲಿನಲ್ಲಿ ಸಿಕ್ಕಿದೆ.

2008ರಲ್ಲಿ ಜರ್ಮನಿಯ ಮ್ಯಾಗ್ಡೆಬರ್ಗ್ ಕೆಥೆಡ್ರಲ್‌ನಲ್ಲಿ ಒಂದು ಗೋರಿ ತೆರೆದರು. ಒಳಗೆ ಸೀಸದ ಪೆಟ್ಟಿಗೆ, ಅದರಲ್ಲಿ ರೇಷ್ಮೆ ಬಟ್ಟೆ ಸುತ್ತಿದ ಮೂಳೆಗಳು. ಪೆಟ್ಟಿಗೆಯ ಮೇಲೆ ಆಲ್‌ಫ್ರೆಡನ ಮೊಮ್ಮಗಳು ಈಡ್‌ಗಿತ್‌ಳ ಹೆಸರು, 1510 ಎಂಬ ಇಸವಿ. ಆದರೆ ಆಕೆ ತೀರಿಕೊಂಡದ್ದು 946ರಲ್ಲಿ. ಐನೂರು ವರ್ಷಕ್ಕೂ ಜಾಸ್ತಿ ಕಳೆದ ಮೇಲೆ ಬರೆದ ಹೆಸರನ್ನು ಸುಮ್ನೆ ನಂಬುವುದು ಹೇಗೆ?

ಇಲ್ಲಿಂದ ಮುಂದಿನದು ನನಗೆ ತುಂಬ ಇಷ್ಟ. ಮೂಳೆ ಅಂದರೆ ವರ್ಷ ವರ್ಷ ಸುಣ್ಣ ಬಳಿಯುವ ಗೋಡೆ, ಹಳೆಯದು ಹೋಗಿ ಹೊಸದು ಬರುತ್ತಲೇ ಇರುತ್ತದೆ. ಹಲ್ಲಿನ ಗಟ್ಟಿ ಹೊರಪದರ, ಅಂದರೆ ಎನಾಮಲ್, ಹಾಗಲ್ಲ. ಅದು ಹಸಿ ಸಿಮೆಂಟಿನ ಮೇಲೆ ಬಿದ್ದ ನಾಯಿಯ ಹೆಜ್ಜೆ. ಒಮ್ಮೆ ಗಟ್ಟಿಯಾದರೆ ಅಷ್ಟೇ, ಆಮೇಲೆ ಬದಲಾಗದು. ಪಾವಗಡದ ಕಡೆ ಫ್ಲೋರೈಡ್ ನೀರು ಕುಡಿದು ಬೆಳೆದವರ ಹಲ್ಲಿನ ಕಲೆ ಊರು ಬಿಟ್ಟರೂ ಹೋಗುವುದಿಲ್ಲ, ಅಲ್ವಾ? ಸ್ಟ್ರಾಂಷಿಯಂ ಎಂಬ ಧಾತು ಕೂಡ ಹೀಗೇ ಗುರುತು ಬಿಡುತ್ತದೆ, ಆದರೆ ಕಣ್ಣಿಗೆ ಕಾಣದು. ಅದು ಕ್ಯಾಲ್ಸಿಯಂಗೆ ಒಡಹುಟ್ಟಿದಂತೆ. ಬಂಡೆಯಿಂದ ಮಣ್ಣಿಗೆ, ಮಣ್ಣಿಂದ ಹುಲ್ಲಿಗೆ, ಹುಲ್ಲಿಂದ ಹಾಲಿಗೆ, ಹಾಲಿಂದ ಮಗುವಿನ ಹಲ್ಲಿಗೆ ಕ್ಯಾಲ್ಸಿಯಂ ಜೊತೆಯಲ್ಲೇ ಸೇರಿಬಿಡುತ್ತದೆ. ಸ್ಟ್ರಾಂಷಿಯಂನಲ್ಲೇ ತೂಕ ಬೇರೆಯಾದ ಬಗೆಗಳಿವೆ. ಬಂಡೆಯಲ್ಲಿರುವ ರುಬಿಡಿಯಂ ಎಂಬ ಇನ್ನೊಂದು ಧಾತು ನಿಧಾನವಾಗಿ ಸ್ಟ್ರಾಂಷಿಯಂ-87 ಎಂಬ ಬಗೆಯಾಗುತ್ತದೆ. ಸಾಲ ಹಳೆಯದಾದಷ್ಟೂ ಬಡ್ಡಿ ಬೆಳೆಯುವ ಹಾಗೆ, ಬಂಡೆ ಹಳೆಯದಾದಷ್ಟೂ 87 ಹೆಚ್ಚು. ಅಸಲಿನ ಹಾಗೆ ಬದಲಾಗದೆ ಉಳಿಯುವುದು ಸ್ಟ್ರಾಂಷಿಯಂ-86. ಇವೆರಡರ ಪ್ರಮಾಣ ಅಳೆದರೆ, ಆ ಮಗು ಯಾವ ಬಗೆಯ ನೆಲದ ಅನ್ನ ಉಂಡಿತ್ತು ಅನ್ನುವ ಸುಳಿವು ಸಿಗುತ್ತದೆ.

ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಮೇಲ್ದವಡೆಯ ಹಲ್ಲುಗಳ ಎನಾಮಲ್ ಅನ್ನು ಇಂಚಿಂಚಾಗಿ ಪರೀಕ್ಷಿಸಿದರು. ದಕ್ಷಿಣ ಇಂಗ್ಲೆಂಡಿನ ಸೀಮೆಸುಣ್ಣದ ನೆಲದ ಗುರುತು ಸಿಕ್ಕಿತು. ಈಡ್‌ಗಿತ್ ಹುಟ್ಟಿ ಬೆಳೆದ ವೆಸೆಕ್ಸ್, ಅಂದರೆ ಆಲ್‌ಫ್ರೆಡನ ಮನೆತನದ ರಾಜ್ಯ, ಅಂಥದೇ ನೆಲ.

ಇನ್ನೊಂದು ವಿಷಯವೂ ಹೊರಬಿತ್ತು. ಸುಮಾರು ಒಂಬತ್ತು ವರ್ಷದವರೆಗೆ ಈ ಪ್ರಮಾಣ ಏರಿಳಿಯುತ್ತದೆ, ಆಮೇಲೆ ಒಂದೇ ಸಮ. ಏರಿಳಿತ ಯಾಕೆ? ಆಗಿನ ರಾಜ ಒಂದೇ ಅರಮನೆಯಲ್ಲಿ ಕೂರುತ್ತಿರಲಿಲ್ಲ. ಹಳ್ಳಿಗಳು ಕೊಡಬೇಕಾದ ಕಾಳು, ಮಾಂಸ, ಬಿಯರ್ ಇದ್ದಲ್ಲಿಗೆ ಪರಿವಾರ ಸಮೇತ ಹೋಗಿ ಉಂಡು, ಮುಂದಿನ ಊರಿಗೆ ಹೊರಡುತ್ತಿದ್ದ. ಮಕ್ಕಳೂ ಜೊತೆಗೆ. ಒಂಬತ್ತಕ್ಕೆ ನಿಂತದ್ದು ಯಾಕೆ? ಸುಮಾರು 919ರಲ್ಲಿ ಅವಳ ಅಪ್ಪ ರಾಜ ಎಡ್ವರ್ಡ್ ತನ್ನ ಎರಡನೆಯ ಹೆಂಡತಿ, ಅವಳ ತಾಯಿ ಎಲ್ಫ್‌ಫ್ಲೆಡ್‌ಳನ್ನು ಬಿಟ್ಟು ಬೇರೆ ಮದುವೆಯಾದ. ತಾಯಿ ಕನ್ಯಾಮಠ ಸೇರಿದಳು. ಮಗಳೂ ಅಲ್ಲೇ ಉಳಿದಿರಬೇಕು.

924ರಲ್ಲಿ ಎಡ್ವರ್ಡ್ ಸತ್ತಾಗ ನಡು ಇಂಗ್ಲೆಂಡಿನ ಮರ್ಸಿಯಾದವರು ಅವನ ಮೊದಲ ಹೆಂಡತಿಯ ಮಗ ಎಥೆಲ್‌ಸ್ಟಾನ್‌ನನ್ನು ಒಪ್ಪಿದರು. ವೆಸೆಕ್ಸ್ ಒಲಿದದ್ದು ಬಹುಶಃ ಈಡ್‌ಗಿತ್‌ಳ ಒಡಹುಟ್ಟಿದ ಎಲ್ಫ್‌ವಿಯರ್ಡ್‌ಗೆ. ಅವನು ಅಪ್ಪನ ಹಿಂದೆಯೇ, ಹದಿನಾರೇ ದಿನಕ್ಕೆ ತೀರಿಕೊಂಡ. 925ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಎಥೆಲ್‌ಸ್ಟಾನ್‌ಗೆ ಕಿರೀಟ. ಅವನ ನಂತರ ಆಳಿದ ಎಡ್ಮಂಡ್, ಈಡ್ರೆಡ್ ಇಬ್ಬರೂ ಮೂರನೆಯ ಹೆಂಡತಿಯ ಮಕ್ಕಳು.

929ರಲ್ಲಿ ಎಥೆಲ್‌ಸ್ಟಾನ್ ತನ್ನ ಇಬ್ಬರು ತಂಗಿಯರನ್ನು ಜರ್ಮನಿಗೆ ಕಳಿಸಿ, ಇವರಲ್ಲಿ ಒಬ್ಬಳನ್ನು ಆರಿಸಿಕೋ ಎಂದ. ಮುಂದೆ ಅಲ್ಲಿನ ರಾಜನಾದ ರಾಜಕುಮಾರ ಓಟೊ ಈಡ್‌ಗಿತ್‌ಳನ್ನು ಮದುವೆಯಾದ. ಓಟೊನ ಪರಿವಾರವೂ ಊರೂರು ಸುತ್ತುವಂಥದೇ. ಪೆಟ್ಟಿಗೆಯಲ್ಲಿ ಸಿಕ್ಕ ತೊಡೆಯ ಮೂಳೆಯಲ್ಲಿ ಜಾಸ್ತಿ ಕುದುರೆ ಸವಾರಿ ಮಾಡಿದ ಗುರುತಿತ್ತು.