ಆಂಟಿಬಾಡಿ ಪಾಸಿಟಿವ್ ಬಂದವರನ್ನೇ ಕೋವಿಡ್ ವಾರ್ಡಿಗೆ ಹಾಕಬಹುದೆ?

ಓದುಗರ ಪ್ರಶ್ನೆ: ವಿರಾಜಪೇಟೆ ಕಡೆಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಕೋವಿಡ್ ಹೊತ್ತಿನಲ್ಲಿ ನಮ್ಮೆಲ್ಲರ ರಕ್ತ ತೆಗೆದು ಆಂಟಿಬಾಡಿ ಟೆಸ್ಟ್ ಮಾಡಿಸಿದರು. ಪಾಸಿಟಿವ್ ಬಂದವರಿಗೆ ‘ನಿಮಗಿನ್ನು ಬರೋದಿಲ್ಲ’ ಎಂದು ಹೇಳಿ ಕೋವಿಡ್ ವಾರ್ಡಿನ ಡ್ಯೂಟಿಯನ್ನೇ ಹೆಚ್ಚು ಹಾಕಿದರು. ಪಾಸಿಟಿವ್ ಅಂದರೆ ನಿಜವಾಗಿಯೂ ರಕ್ಷಣೆ ಇದೆ ಅಂತಲೆ? ಮುಂದೆ ಇಂಥದ್ದೇ ಕಾಯಿಲೆ ಬಂದರೆ ಈ ಟೆಸ್ಟನ್ನು ನಂಬಬಹುದೆ?

ಉತ್ತರ: ಯಾರಿಗೆ ಯಾವ ಡ್ಯೂಟಿ ಎಂದು ತೀರ್ಮಾನಿಸಲು ಈ ಟೆಸ್ಟನ್ನು ನಂಬಬಾರದು. ಆಸ್ಪತ್ರೆಯ ಯಾವ ಮೂಲೆಯಲ್ಲಿ ಸೋಂಕು ಹರಡುತ್ತಿದೆ ಎಂದು ಹುಡುಕಲು ಮಾತ್ರ ಇದಕ್ಕಿಂತ ಒಳ್ಳೆಯ ಸಾಧನ ಕಡಿಮೆ. ನಿಮ್ಮ ಆಸ್ಪತ್ರೆಯವರು ಟೆಸ್ಟ್ ಮಾಡಿಸಿದ್ದು ಸರಿ, ಫಲಿತಾಂಶವನ್ನು ಬಳಸಿದ ರೀತಿ ತಪ್ಪು.

ಮೊದಲು ರಕ್ಷಣೆಯ ವಿಷಯ. ಪಾಸಿಟಿವ್ ಬಂದವರಿಗೆ ರಕ್ಷಣೆಯೇ ಇಲ್ಲ ಎಂದೇನೂ ಅಲ್ಲ. ಬ್ರಿಟನ್ನಿನಲ್ಲಿ ಸುಮಾರು 25 ಸಾವಿರ ಆಸ್ಪತ್ರೆ ಸಿಬ್ಬಂದಿಯನ್ನು ಹಿಂಬಾಲಿಸಿ ನೋಡಿದ ‘ಸೈರನ್’ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಒಮ್ಮೆ ಸೋಂಕು ತಗುಲಿದವರಿಗೆ ಮತ್ತೆ ತಗುಲುವ ಅಪಾಯ ಶೇ 84ರಷ್ಟು ಕಡಿಮೆ ಎಂದು ಅದರಲ್ಲಿ ಕಂಡಿತ್ತು. ಆದರೆ ಅದು ಆ ಕಾಲದ ವೈರಸ್‌ಗೆ, ಸುಮಾರು ಏಳು ತಿಂಗಳ ಅವಧಿಗೆ ಸಂಬಂಧಿಸಿದ ಲೆಕ್ಕ. ಅದೇ ವರ್ಷದ ಕೊನೆಗೆ ಓಮಿಕ್ರಾನ್ ಬಂದಾಗ ಹಿಂದೆ ಸೋಂಕಾದವರಿಗೂ ಲಸಿಕೆ ಹಾಕಿಸಿಕೊಂಡವರಿಗೂ ಮತ್ತೆ ತಗುಲಿತು. ಇನ್ನೊಂದು ಮಾತು: ಶೇ 84 ಎನ್ನುವುದು ಸಾವಿರಾರು ಜನರ ಸರಾಸರಿ. ನಿಮ್ಮ ಒಬ್ಬರ ರಿಪೋರ್ಟ್ ಹಿಡಿದು ‘ಈ ಸಿಸ್ಟರ್‌ಗೆ ಇನ್ನು ಬರೋದಿಲ್ಲ’ ಎನ್ನಲು ಅದು ಆಧಾರವಾಗುವುದಿಲ್ಲ.

ಆ ರಿಪೋರ್ಟ್ ಸರಿಯೇ ಇದೆ ಎಂದು ಹೇಗೆ ನಂಬುವುದು? ಇಲ್ಲಿ ಸ್ವಲ್ಪ ಲೆಕ್ಕ ಮಾಡಲೇಬೇಕು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ 2020ರ ಮೇ ತಿಂಗಳಲ್ಲಿ ರೂಪಿಸಿದ ‘ಕವಚ್’ ಎಲಿಸಾ (ಬಣ್ಣ ಬದಲಾವಣೆ ನೋಡಿ ಆಂಟಿಬಾಡಿ ಪತ್ತೆ ಮಾಡುವ ಲ್ಯಾಬ್ ಟೆಸ್ಟ್) ಕಿಟ್ ನಮ್ಮ ದೇಶದಲ್ಲಿ ಬಳಕೆಯಾದ ಒಳ್ಳೆಯ ಕಿಟ್‌ಗಳಲ್ಲೊಂದು. ಸೋಂಕಾದ ನೂರು ಜನರಲ್ಲಿ ಸುಮಾರು 92 ಜನರನ್ನು ಅದು ಹಿಡಿಯುತ್ತದೆ, ಸೋಂಕಾಗದ ನೂರು ಜನರಲ್ಲಿ ಸುಮಾರು ಇಬ್ಬರಿಗೆ ಸುಳ್ಳು ಪಾಸಿಟಿವ್ ಕೊಡುತ್ತದೆ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮೊದಲ ಆಂಟಿಬಾಡಿ ಸಮೀಕ್ಷೆಯ ಹೊತ್ತಿಗೆ, ಅಂದರೆ 2020ರ ಮೇ–ಜೂನ್‌ನಲ್ಲಿ, ದೇಶದ ವಯಸ್ಕರಲ್ಲಿ ಸೋಂಕಾದವರು ಶೇ 0.73 ಮಾತ್ರ. ಆ ಸ್ಥಿತಿಯಲ್ಲಿ ಸಾವಿರ ಜನರಿಗೆ ಈ ಟೆಸ್ಟ್ ಮಾಡಿದರೆ ನಿಜವಾದ ಪಾಸಿಟಿವ್ ಆರೋ ಏಳೋ ಸಿಗುತ್ತದೆ, ಸುಳ್ಳು ಪಾಸಿಟಿವ್ ಇಪ್ಪತ್ತು ದಾಟುತ್ತದೆ. ಪಾಸಿಟಿವ್ ಎನಿಸಿಕೊಂಡ ನಾಲ್ವರಲ್ಲಿ ಮೂವರಿಗೆ ಸೋಂಕು ತಗುಲಿರಲೇ ಇಲ್ಲ! ಡಿಸೆಂಬರ್ 2020–ಜನವರಿ 2021ರ ಮೂರನೇ ಸಮೀಕ್ಷೆಯಲ್ಲಿ ಆರೋಗ್ಯ ಕಾರ್ಯಕರ್ತರ ಪೈಕಿ ಶೇ 25.7 ಮಂದಿಯಲ್ಲಿ ಪ್ರತಿಕಾಯ (ಆಂಟಿಬಾಡಿ) ಸಿಕ್ಕಿತ್ತು. ಆ ಮಟ್ಟದಲ್ಲಿ ಅದೇ ಕಿಟ್ ಬಳಸಿದರೆ ಸಾವಿರಕ್ಕೆ 237 ನಿಜ, 16 ಸುಳ್ಳು. ಕಿಟ್ ಬದಲಾಗಲಿಲ್ಲ, ಊರಿನಲ್ಲಿ ರೋಗ ಎಷ್ಟಿದೆ ಎನ್ನುವುದು ಬದಲಾಯಿತು. ಹಾಗಾಗಿ ಸಾಂಕ್ರಾಮಿಕ ಕಾಲಿಟ್ಟ ಮೊದಲ ತಿಂಗಳುಗಳಲ್ಲಿ ಬಂದ ಪಾಸಿಟಿವನ್ನು ಬೇರೆ ತತ್ವದ ಎರಡನೇ ಕಿಟ್‌ನಲ್ಲಿ ಖಚಿತಪಡಿಸಿಕೊಳ್ಳದೆ ಯಾರಿಗೂ ಹೇಳಬಾರದು. ಬೆರಳು ಚುಚ್ಚಿ ಹತ್ತು ಹದಿನೈದು ನಿಮಿಷದಲ್ಲಿ ಗೆರೆ ನೋಡುವ ರ‍್ಯಾಪಿಡ್ ಕಿಟ್‌ಗಳ ಕಥೆ ಇನ್ನೂ ಕಷ್ಟದ್ದು. ಆಮದಾದ ಕೆಲವು ಕಿಟ್‌ಗಳನ್ನು ಬಳಸಬೇಡಿ ಎಂದು 2020ರ ಏಪ್ರಿಲ್‌ನಲ್ಲಿ ಐಸಿಎಂಆರ್ ರಾಜ್ಯಗಳಿಗೆ ಹೇಳಬೇಕಾಗಿ ಬಂತು.

ಲಸಿಕೆ ಬಂದ ಮೇಲೆ ಇನ್ನೊಂದು ಗೋಜಲು. ನಮ್ಮ ಆರೋಗ್ಯ ಕಾರ್ಯಕರ್ತರಿಗೆ 2021ರ ಜನವರಿ 16ರಿಂದ ಲಸಿಕೆ ಶುರುವಾಯಿತು. ಕೋವಿಶೀಲ್ಡ್ ದೇಹಕ್ಕೆ ತೋರಿಸುವುದು ವೈರಸ್‌ನ ಮುಳ್ಳಿನ ಭಾಗವಾದ ಸ್ಪೈಕ್ ಪ್ರೋಟೀನನ್ನು ಮಾತ್ರ. ಆದ್ದರಿಂದ ಅದನ್ನು ಹಾಕಿಸಿಕೊಂಡವರಲ್ಲಿ ವೈರಸ್‌ನ ಒಳಗಿನ ಪ್ರೋಟೀನ್ ಆದ ನ್ಯೂಕ್ಲಿಯೊಕ್ಯಾಪ್ಸಿಡ್‌ಗೆ ಪ್ರತಿಕಾಯ ಸಿಕ್ಕರೆ ಸೋಂಕು ಬಂದುಹೋಗಿದೆ ಎಂದೇ ತಿಳಿಯಬಹುದು. ಕೋವ್ಯಾಕ್ಸಿನ್ ಹಾಗಲ್ಲ. ಅದು ನಿಷ್ಕ್ರಿಯಗೊಳಿಸಿದ ಇಡೀ ವೈರಸ್, ಎರಡೂ ಬಗೆಯ ಪ್ರತಿಕಾಯ ಹುಟ್ಟಬಹುದು. ಕವಚ್ ಕಿಟ್ ಕೂಡ ಇಡೀ ವೈರಸ್ ಬಳಸುವುದರಿಂದ ಲಸಿಕೆ ಯಾವುದು, ಸೋಂಕು ಯಾವುದು ಎಂದು ಬಿಡಿಸಿ ಹೇಳಲಾರದು. ಹಾಗಾಗಿ ಯಾವ ಲಸಿಕೆ, ಯಾವ ತಾರೀಖು ಎಂದು ಫಾರಂನಲ್ಲಿ ಬರೆಯದೆ ತೆಗೆದ ರಕ್ತದಿಂದ ಏನನ್ನೂ ತೀರ್ಮಾನಿಸಲು ಆಗುವುದಿಲ್ಲ.

ನೆಗೆಟಿವ್ ಕೂಡ ಪೂರ್ತಿ ನಂಬುವಂಥದ್ದಲ್ಲ. ಐಜಿಜಿ ಎಂಬ ಬಗೆಯ ಪ್ರತಿಕಾಯ ಟೆಸ್ಟಿನಲ್ಲಿ ಕಾಣಲು ಲಕ್ಷಣ ಶುರುವಾಗಿ ಎರಡು ವಾರ ಬೇಕು. ಸೌಮ್ಯವಾಗಿ ಬಂದುಹೋದವರಲ್ಲಿ ಕೆಲವರಿಗೆ ಅದು ಏಳುವುದೇ ಇಲ್ಲ, ಎದ್ದರೂ ನ್ಯೂಕ್ಲಿಯೊಕ್ಯಾಪ್ಸಿಡ್ ಪ್ರತಿಕಾಯ ಬೇಗ ಇಳಿಯುತ್ತದೆ.

ಇನ್ನು ರಕ್ತ ತೆಗೆಯುವಲ್ಲಿಂದ ಹಿಡಿದು ಕೊಡಗಿನಲ್ಲಿ ಏನೇನು ಕೆಡುತ್ತದೆ ಎನ್ನುವುದನ್ನು ವಿವರವಾಗಿ ಹೇಳಬೇಕು, ಏಕೆಂದರೆ ಕಿಟ್ ಜೊತೆ ಬರುವ ಹಾಳೆಯಲ್ಲಿ ನಮ್ಮ ಮಳೆಗಾಲದ ಲೆಕ್ಕ ಇರುವುದಿಲ್ಲ. ಕೆಂಪು ಮುಚ್ಚಳದ ಟ್ಯೂಬಿಗೆ 3ರಿಂದ 5 ಎಂಎಲ್ ರಕ್ತ, ಅರ್ಧ ಗಂಟೆ ನೆಟ್ಟಗೆ ನಿಲ್ಲಿಸಿ ಹೆಪ್ಪುಗಟ್ಟಲು ಬಿಡಬೇಕು, ಆಮೇಲೆ 3,000 ಆರ್‌ಪಿಎಂನಲ್ಲಿ ಹತ್ತು ನಿಮಿಷ ತಿರುಗಿಸಿ ಸೀರಂ (ಮೇಲೆ ನಿಲ್ಲುವ ತಿಳಿ ದ್ರವ) ಬೇರೆ ಮಾಡಬೇಕು. ಇದನ್ನು ರಕ್ತ ತೆಗೆದ ಆಸ್ಪತ್ರೆಯಲ್ಲೇ ಮಾಡಿ ಮುಗಿಸಿ. ಪೊನ್ನಂಪೇಟೆಯಿಂದಲೋ ಸೋಮವಾರಪೇಟೆಯಿಂದಲೋ ಮಡಿಕೇರಿಗೆ ಇಡೀ ರಕ್ತವನ್ನೇ ಕಳಿಸಿದರೆ ತಿರುವುಗಳ ಕುಲುಕಾಟಕ್ಕೆ ಕೆಂಪುಕಣ ಒಡೆದು ಸೀರಂ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಐಸ್ ಪ್ಯಾಕ್ ನೇರವಾಗಿ ಟ್ಯೂಬಿಗೆ ತಾಗಿದರೂ ಇದೇ ಗತಿ, ನಡುವೆ ಹತ್ತಿಯೋ ಪೇಪರೋ ಇಡಿ. ಬೇರೆ ಮಾಡಿದ ಸೀರಂ 2–8 ಡಿಗ್ರಿಯಲ್ಲಿ ಕೆಲವು ದಿನ ಇರುತ್ತದೆ, ಅದಕ್ಕಿಂತ ತಡವಾಗುವುದಾದರೆ ಮೈನಸ್ 20ಕ್ಕೆ ಹಾಕಿ. ಕರೆಂಟ್ ಹೋಗಿ ಕರಗಿ ಮತ್ತೆ ಹೆಪ್ಪುಗಟ್ಟಿದ ಸ್ಯಾಂಪಲ್ ಇದ್ದರೆ ಅದರ ಮೇಲೆ ಗುರುತು ಹಾಕಿ. ಇನ್ನೊಮ್ಮೆ ಕರಗಿದರೆ ಹೊಸ ಸ್ಯಾಂಪಲ್ ಕೇಳುವುದೇ ಒಳಿತು.

ಲ್ಯಾಬಿನಲ್ಲಿ ತೊಂದರೆ ಕೊಡುವುದು ಚಳಿ ಮತ್ತು ತೇವ. ಫ್ರಿಜ್ಜಿನಿಂದ ತೆಗೆದ ಎಲಿಸಾ ಪ್ಲೇಟಿನ ಫಾಯಿಲ್ ಕವರನ್ನು ತಕ್ಷಣ ಹರಿದರೆ ಆಷಾಢದ ಗಾಳಿಯ ತೇವವೆಲ್ಲ ಪ್ಲೇಟಿನ ಬಾವಿಗಳೊಳಗೆ (ಸ್ಯಾಂಪಲ್ ಹಾಕುವ ಪುಟ್ಟ ಕುಳಿಗಳೊಳಗೆ) ಹನಿಯಾಗಿ ಕೂರುತ್ತದೆ. ಅರ್ಧ ಗಂಟೆ ಹೊರಗಿಟ್ಟು ಆಮೇಲೆ ಹರಿಯಬೇಕು. ‘ಕೋಣೆಯ ಉಷ್ಣಾಂಶದಲ್ಲಿ ಹತ್ತು ನಿಮಿಷ ಕತ್ತಲೆಯಲ್ಲಿಡಿ’ ಎಂದು ಬರೆದಿದ್ದರೆ ಕಿಟ್ ಮಾಡಿದವರ ಮನಸ್ಸಿನಲ್ಲಿರುವುದು 20–25 ಡಿಗ್ರಿಯ ಕೋಣೆ. ಜುಲೈಯಲ್ಲಿ ಮಡಿಕೇರಿಯ ಲ್ಯಾಬ್ ಅದಕ್ಕಿಂತ ತಣ್ಣಗಿದ್ದರೆ ನೀಲಿ ಬಣ್ಣ ಮಂಕಾಗಿ ಏಳುತ್ತದೆ, ಗಡಿಯಲ್ಲಿರುವ ಪಾಸಿಟಿವ್‌ಗಳು ನೆಗೆಟಿವ್ ಆಗುತ್ತವೆ. ಪ್ಲೇಟ್ ತೊಳೆಯುವುದನ್ನು ಅವಸರದಲ್ಲಿ ಮುಗಿಸಿದರೆ ಇದಕ್ಕೆ ತದ್ವಿರುದ್ಧ, ಎಲ್ಲ ಬಾವಿಗಳೂ ಬಣ್ಣಕ್ಕೆ ತಿರುಗುತ್ತವೆ. ಪಾಸಿಟಿವ್, ನೆಗೆಟಿವ್ ಕಂಟ್ರೋಲ್‌ಗಳ (ಫಲಿತಾಂಶ ಮೊದಲೇ ಗೊತ್ತಿರುವ ಸ್ಯಾಂಪಲ್‌ಗಳ) ಅಂಕಿ ಮಿತಿಯೊಳಗೆ ಬರದಿದ್ದರೆ ಆ ಪ್ಲೇಟಿನ ಒಂದು ರಿಪೋರ್ಟೂ ಹೊರಗೆ ಹೋಗಬಾರದು. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವವರನ್ನು ಮೊದಲೇ ಕೇಳಿಕೊಳ್ಳಿ, ಕೆಲವು ಯಂತ್ರಗಳ ಟೆಸ್ಟನ್ನು ಹೆಚ್ಚು ಡೋಸಿನ ಬಯೋಟಿನ್ ಕೆಡಿಸುತ್ತದೆ.

ಈಗ ಈ ಟೆಸ್ಟಿನ ನಿಜವಾದ ಉಪಯೋಗ. ಬರ್ಮಿಂಗ್‌ಹ್ಯಾಮ್‌ನ ಆಸ್ಪತ್ರೆಗಳಲ್ಲಿ 2020ರ ಏಪ್ರಿಲ್‌ನಲ್ಲಿ ಸಿಬ್ಬಂದಿಯ ರಕ್ತ ನೋಡಿದಾಗ ಪ್ರತಿಕಾಯ ಅತಿ ಹೆಚ್ಚು ಕಂಡದ್ದು ಹೌಸ್‌ಕೀಪಿಂಗ್‌ನವರಲ್ಲಿ, ಶೇ 34.5. ಐಸಿಯುನಲ್ಲಿ ಶೇ 14.8 ಮಾತ್ರ. ಅಪಾಯ ಐಸಿಯುನಲ್ಲೇ ಎಂದು ಎಲ್ಲರೂ ನಂಬಿದ್ದ ಹೊತ್ತಿನಲ್ಲಿ ಬಂದ ಅಂಕಿ ಇದು. ಆದ್ದರಿಂದ ಡಾಕ್ಟರು, ನರ್ಸುಗಳಷ್ಟೇ ಅಲ್ಲ, ಡಿ ಗ್ರೂಪ್ ನೌಕರರು, ಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿ, ಆಂಬುಲೆನ್ಸ್ ಚಾಲಕರು, ಕ್ಯಾಂಟೀನಿನವರು, ಗೇಟಿನ ಸೆಕ್ಯುರಿಟಿ ಎಲ್ಲರೂ ಪಟ್ಟಿಯಲ್ಲಿರಬೇಕು. ಗುತ್ತಿಗೆಯವರನ್ನು ಬಿಟ್ಟು ಮಾಡಿದ ಸಮೀಕ್ಷೆಗೆ ನಾವು ಬೆಲೆ ಕೊಡುವುದಿಲ್ಲ. ಒಂದು ಸಲ ರಕ್ತ ತೆಗೆದು ಬಿಡುವುದಲ್ಲ, ಮೂರು ತಿಂಗಳಿಗೊಮ್ಮೆ ತೆಗೆದು ನೆಗೆಟಿವ್ ಇದ್ದವರಲ್ಲಿ ಯಾರು ಪಾಸಿಟಿವ್ ಆದರು, ಅವರು ಎಲ್ಲಿ ಕೆಲಸ ಮಾಡುತ್ತಿದ್ದರು ಎಂದು ನೋಡಬೇಕು. ಒಂದೇ ವಾರ್ಡಿನವರು ಒಟ್ಟಿಗೆ ಪಾಸಿಟಿವ್ ಆದರೆ ರೋಗಿಯ ಮಂಚದ ಹತ್ತಿರವಷ್ಟೇ ಹುಡುಕಬೇಡಿ. ಮಳೆಗೆ ಕಿಟಕಿ ಮುಚ್ಚಿ, ಒದ್ದೆ ಕೊಡೆ, ಸ್ವೆಟರ್ ನೇತುಹಾಕಿ, ಮಾಸ್ಕ್ ಕೆಳಗಿಳಿಸಿ ಆರೇಳು ಜನ ಕಾಫಿ ಕುಡಿಯುವ ಡ್ಯೂಟಿ ರೂಮನ್ನೂ ಕುಶಾಲನಗರ, ಸುಂಟಿಕೊಪ್ಪದಿಂದ ಗಾಜು ಏರಿಸಿಕೊಂಡು ಬರುವ ಸಿಬ್ಬಂದಿಯ ವ್ಯಾನನ್ನೂ ನೋಡಿ.

ಚಿಕ್ಕ ಆಸ್ಪತ್ರೆಗಳಿಗೆ ಒಂದು ಎಚ್ಚರಿಕೆ. ವಾರ್ಡಿನ 14 ಜನರಲ್ಲಿ 4 ಪಾಸಿಟಿವ್ ಬಂದರೆ ಶೇ 29 ಎಂದು ಬರೆದುಬಿಡುತ್ತಾರೆ. ಅಷ್ಟು ಕಡಿಮೆ ಜನರಲ್ಲಿ ನಿಜವಾದ ಪ್ರಮಾಣ ಶೇ 8ರಿಂದ 58ರ ನಡುವೆ ಎಲ್ಲಿಯೂ ಇರಬಹುದು. ಎರಡು ವಾರ್ಡ್ ಹೋಲಿಸಿ ಸಿಸ್ಟರ್ ಇನ್‌ಚಾರ್ಜ್ ಒಬ್ಬರನ್ನು ಬೈಯಲು ಈ ಅಂಕಿ ಸಾಲದು.

ನಿಮ್ಮ ರಿಪೋರ್ಟ್ ನಿಮ್ಮ ಕೈಗೆ ಮಾತ್ರ ಬರಬೇಕು, ಸೋಂಕು ನಿಯಂತ್ರಣ ಸಮಿತಿಗೆ ಹೆಸರಿಲ್ಲದ ಒಟ್ಟು ಲೆಕ್ಕ ಸಾಕು. ಹೆಸರು ಡ್ಯೂಟಿ ಪಟ್ಟಿ ಬರೆಯುವವರಿಗೆ ಹೋದರೆ ಮುಂದಿನ ಸಲ ಅರ್ಧ ಜನ ರಕ್ತ ಕೊಡಲು ಬರುವುದಿಲ್ಲ, ಬಾರದಿದ್ದರೆ ಅದು ಅವರ ತಪ್ಪಲ್ಲ. ರಿಪೋರ್ಟಿನಲ್ಲಿ ಕಿಟ್‌ನ ಹೆಸರು, ಸ್ಪೈಕೋ ನ್ಯೂಕ್ಲಿಯೊಕ್ಯಾಪ್ಸಿಡ್ಡೋ ಎನ್ನುವುದು, ಕಟ್‌ಆಫ್ (ಪಾಸಿಟಿವ್ ಎನ್ನಲು ದಾಟಬೇಕಾದ ಅಂಕಿ) ಮೂರೂ ಇವೆಯೇ ನೋಡಿಕೊಳ್ಳಿ. ಒಂದು ಕಿಟ್‌ನ 50ನ್ನು ಇನ್ನೊಂದರ 200ರ ಜೊತೆ ಹೋಲಿಸಬೇಡಿ, ಅಳತೆಯೇ ಬೇರೆ. ಪಾಸಿಟಿವ್ ಇದ್ದರೂ ಎನ್‌95, ಗ್ಲೌಸ್, ಲಸಿಕೆ ಯಾವುದನ್ನೂ ಬಿಡುವಂತಿಲ್ಲ. ಜ್ವರವೋ ಗಂಟಲುನೋವೋ ಬಂದರೆ ಹಳೆಯ ರಿಪೋರ್ಟ್ ತೋರಿಸಿ ಡ್ಯೂಟಿಗೆ ಕರೆದರೂ ಹೋಗಬೇಡಿ. ಮೊದಲು ಸ್ವಾಬ್ ಕೊಡಿ, ಮಳೆಗಾಲವಾದರೆ ಡೆಂಗಿಗೆ ಎನ್‌ಎಸ್1 ಟೆಸ್ಟ್ ಕೂಡ ಮಾಡಿಸಿ.